ಅಂಗಳದಲ್ಲಿಟ್ಟ ದನಿ

ಶ್ರೀ ಬಸವೇಶ್ವರನ ಪಾದವೇ ಗತಿ

ಕೆಂಚನಕುಪ್ಪೆ
12 ಆಗಸ್ಟ್ 2009

ಉಷಾರಾಣಿ,

ಕಾಗದದ ಮೇಲೆ ಚಿರಂಜೀವಿ, ಸೌಭಾಗ್ಯವತಿ ಎಂದೆಲ್ಲ ಬರೆಯುವುದು ವಾಡಿಕೆ. ಈ ಸಲ ಬರೆದಿಲ್ಲ. ಕೈ ಏಳಲಿಲ್ಲ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ‘ಚಿಕ್ಕಮ್ಮ, ಕ್ಲಾಸಿನಲ್ಲಿದ್ದೀನಿ’ ಎನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಲಾಗುವುದಿಲ್ಲ.

ಮೊನ್ನೆ ಶ್ರಾವಣ ಸೋಮವಾರ. ಗುಡಿಯಲ್ಲಿ ಅಭಿಷೇಕ ಮುಗಿಸಿಕೊಂಡು ನಿಮ್ಮವ್ವನನ್ನು ಬಸ್ಸು ಹತ್ತಿಸಿ ಕೋಟೆ ಪೇಟೆಗೆ ಕರೆದುಕೊಂಡು ಹೋದೆ. ಅಕ್ಕನಿಗೆ ಒಂದೇ ಆಸೆ. ಈ ಜನವರಿಯಲ್ಲಿ, ಗಂಟಲಿನ ಆಪರೇಷನ್ನಿಗೆ ಮೊದಲು, ಗುಡಿಯ ಜಗಲಿಯಲ್ಲಿ ಕೂರಿಸಿ ಅವಳಿಂದ ಹಾಡಿಸಿಕೊಂಡೆವಲ್ಲ, ಆ ಸೋಬಾನೆ ಪದಗಳನ್ನು ಒಂದು ಸಲ ಕೇಳಬೇಕು ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದ್ದಳು. ಮೈಸೂರಿನ ಡಾಕ್ಟರು ದನಿಪೆಟ್ಟಿಗೆ ತೆಗೆದಮೇಲೆ ಅವಳು ಕೇಳಿದ್ದು ಇದೊಂದೇ. ಇನ್ನು ಊಟ ಬೇಕು ಎಂದು ಕೂಡ ಕೇಳುವವಳಲ್ಲ, ನಿನಗೇ ಗೊತ್ತು.

ನಂಜುಂಡೇಶನ ಕಂಪ್ಯೂಟರ್ ಅಂಗಡಿಯಲ್ಲಿ ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿದೆ. ಅವನು ನೀನು ಮಾಡಿಕೊಟ್ಟ ಗುಡಿಯ ವೆಬ್‌ಸೈಟು ತೆಗೆದ. ಬಸವಣ್ಣನ ಫೋಟೋ ಬಂತು. ಹಾಡಿನ ಹೆಸರುಗಳೆಲ್ಲ ಸಾಲಾಗಿ ಬಂದವು, ಅರಿಶಿನದ ಪದ, ನೀರು ತರುವ ಪದ, ಹೆಣ್ಣು ಒಪ್ಪಿಸುವ ಪದ. ಅಕ್ಕ ಕತ್ತಿನ ಬಟ್ಟೆ ಸರಿ ಮಾಡಿಕೊಂಡು ಮುಂದೆ ಬಾಗಿ ಕೂತಳು. ನಂಜುಂಡೇಶ ಒತ್ತಿದ. ಏನೂ ಇಲ್ಲ. ಇನ್ನೊಂದು ಒತ್ತಿದ. ಇಲ್ಲ. ಎಲ್ಲವನ್ನೂ ಒತ್ತಿದ. ಹೆಸರು ಮಾತ್ರ ಇದೆ, ಹಾಡಿಲ್ಲ.

“ನೆಟ್ ಸ್ಲೋ ಅದೆ ದೊಡ್ಡವ್ವ, ಮಳೆ ಮೋಡ ನೋಡಿ” ಅಂದ. ಅಕ್ಕ ತಲೆಯಾಡಿಸಿದಳು. ಬಸ್ಸಿನಲ್ಲಿ ಬರುವಾಗ ಕಿಟಕಿ ಕಡೆ ಮುಖ ಮಾಡಿಕೊಂಡೇ ಬಂದಳು.

ಅಂದು ಜಗಲಿಯ ಮೇಲೆ ನಿಂತು ಹೇಳಿದವಳು ನೀನು. ‘ಇವು ಇನ್ನು ಮೋಡದಲ್ಲಿ ಇರುತ್ತವೆ ಚಿಕ್ಕಮ್ಮ, ಇಲಿ ಕಡಿಯಲ್ಲ, ನೀರು ನುಗ್ಗಲ್ಲ, ಭೂಮಿ ಇರುವ ತನಕ ಇರುತ್ತವೆ.’ ಭೂಮಿ ಇದೆ. ಹಾಡು ಎಲ್ಲಿ?

ಉತ್ತರ ಬೇಕು.

ನಿನ್ನ ಚಿಕ್ಕಮ್ಮ,
ಸರ್ವಮಂಗಳ


ಹುಣಸೂರು
20 ಆಗಸ್ಟ್ 2009

ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಕಾಲೇಜಿನಲ್ಲಿ ಡಿಪ್ಲೊಮಾ ಹುಡುಗರ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತಿದೆ, ನಾನೇ ಮೇಲ್ವಿಚಾರಕಿ. ಆದ್ದರಿಂದ ತಡವಾಯಿತು.

ಸೈಟನ್ನು ನೋಡಿದೆ. ಹಾಡುಗಳ ಕಡತಗಳು ಇರಬೇಕಾದ ಜಾಗದಲ್ಲಿ ಇಲ್ಲ. ಏಕೆ ಎಂದು ಇನ್ನೂ ತಿಳಿದಿಲ್ಲ. ನಾವು ಬಾಡಿಗೆಗೆ ಹಿಡಿದಿರುವ ಯಂತ್ರ ಅಮೆರಿಕದಲ್ಲಿದೆ, ಆ ಕಂಪನಿಯವರಿಗೆ ಬರೆದಿದ್ದೇನೆ. ಗಾಬರಿ ಬೇಡ. ಇಂಥವು ಸಾಮಾನ್ಯವಾಗಿ ಎಲ್ಲಾದರೂ ಸಿಕ್ಕೇ ಸಿಗುತ್ತವೆ. ಹೇಗೂ ಹಾಡು ಹಿಡಿದ ಚಿಕ್ಕ ರೆಕಾರ್ಡರು ನಂಜುಂಡೇಶನ ಬಳಿಯೇ ಇದೆ. ಅದರಲ್ಲಿ ಮೂಲ ಇರುತ್ತದೆ. ಅವನನ್ನು ಒಮ್ಮೆ ಕೇಳಿ ನೋಡಿ.

ಅವ್ವನಿಗೆ ಸದ್ಯಕ್ಕೆ ನೆಟ್ ಸರಿಯಿಲ್ಲ ಎಂದೇ ಹೇಳಿ.

ಇಂತಿ,
ಉಷಾ


ಶ್ರೀ ಬಸವೇಶ್ವರನ ಪಾದವೇ ಗತಿ

ಕೆಂಚನಕುಪ್ಪೆ
27 ಆಗಸ್ಟ್ 2009

ಉಷಾರಾಣಿ,

ಗಾಬರಿ ಬೇಡ ಎಂದು ಬರೆದಿದ್ದೀಯ. ಗಾಬರಿಯಲ್ಲ ಕಣೇ, ಮೈಯೆಲ್ಲ ಉರಿಯುತ್ತಿದೆ.

ನೀನು ಹೇಳಿದಂತೆ ಕೋಟೆಗೆ ಹೋದೆ. ಒಬ್ಬಳೇ ಹೋದೆ. ಅಂಗಡಿಯಲ್ಲಿ ನಂಜುಂಡೇಶ ಯಾರದೋ ಪಹಣಿ ಅಚ್ಚು ಹಾಕಿಕೊಡುತ್ತಿದ್ದ. ನಮ್ಮೂರ ಸೋಮಮ್ಮನೂ ಅಲ್ಲೇ ಇದ್ದಳು, ವಿಧವಾ ವೇತನದ ಅರ್ಜಿ ಬರೆಸಲು ಬಂದಿದ್ದಳು. ನಮ್ಮ ಮಾತೆಲ್ಲ ಅವಳ ಕಿವಿಗೆ ಬಿತ್ತು, ಈಗ ಊರಿನ ಕಿವಿಗೂ ಬಿದ್ದಿದೆ.

ರೆಕಾರ್ಡರು ಕೊಡು ಅಂದೆ. ತಲೆ ಕೆರೆದುಕೊಂಡ.

“ಅದ್ರಲ್ಲಿ ಏನೂ ಇಲ್ಲ ಚಿಕ್ಕವ್ವ. ಸೈಟಿಗೆ ಹಾಕಾಯ್ತಲ್ಲ ಅಂತ ಚಿಪ್ಪು ಖಾಲಿ ಮಾಡ್ದೆ. ಲಿಂಗರಾಜು ಮದುವೇಗೆ ಬೇಕಾಗಿತ್ತು.”

“ಲಿಂಗರಾಜು ಮದುವೆ ವಾಲಗ ಹಿಡಿಯೋಕೆ ನಮ್ಮಕ್ಕನ್ನ ಅಳಿಸಿದ್ಯೇನೋ?”

“ಅಳಿಸ್ಲಿಲ್ಲ ಚಿಕ್ಕವ್ವ, ಮೊದ್ಲು ಅಲ್ಲಿಗೆ ಹಾಕ್ದೆ, ಆಮೇಲೆ ಇಲ್ಲಿ ಖಾಲಿ ಮಾಡ್ದೆ. ನಾನೇ ಕೇಳಿ ನೋಡಿವ್ನಿ. ಗುಡಿ ಕಮಿಟಿಯೋರ್ಗೆಲ್ಲ ಕೇಳಿಸ್ದೆ. ಚಲುವಯ್ಯನೋರು ಕಣ್ಣಲ್ಲಿ ನೀರು ಹಾಕಂಡ್ರು.”

“ಎಲ್ಲಿಗೆ ಹಾಕಿದೆ?”

“ಗುಡೀಗೆ.”

ನನಗೆ ಅರ್ಥವಾಗಲಿಲ್ಲ. ಅವನು ಪರದೆ ತಿರುಗಿಸಿ ತೋರಿಸಿದ. ಎರಡು ಹಳದಿ ಚೀಲದಂತಹ ಗುರುತು. ಒಂದರ ಕೆಳಗೆ ಟೆಂಪ್ ಎಂದು ಇಂಗ್ಲಿಷಿನಲ್ಲಿ, ಇನ್ನೊಂದರ ಕೆಳಗೆ ಸ್ಟೋರ್ ಎಂದು. ನನಗೂ ಏಳನೇ ಕ್ಲಾಸಿನ ತನಕ ಅಕ್ಷರ ಕಲಿಸಿದ್ದಾರೆ, ಕೂಡಿಸಿಕೊಂಡು ಓದಿದೆ.

“ನೋಡಿ, ಟೆಂಪ್ ಅಂದ್ರೆ ಟೆಂಪಲ್. ದೇವಸ್ಥಾನ. ಉಷಕ್ಕ ಶಾರ್ಟಾಗಿ ಬರ್ದವ್ರೆ. ಇನ್ನೊಂದು ಸ್ಟೋರು, ಉಗ್ರಾಣ. ಪಾತ್ರೆ ಪಡಗ, ಜಮಖಾನ, ಅಂತಾವುಗಳ ಲೆಕ್ಕ ಹಾಕಕೆ ಅಂದ್ಕಂಡೆ. ದೇವರ ಮುಂದೆ ಹಾಡಿದ್ನ ಉಗ್ರಾಣಕ್ಕೆ ಹಾಕಾದಾ ಚಿಕ್ಕವ್ವ? ಮನಸು ಒಪ್ಪಲಿಲ್ಲ. ಅದೂ ಅಲ್ದೆ ಉಗ್ರಾಣಕ್ಕೆ ಕೀ ಕೇಳ್ತಿತ್ತು. ಗುಡಿ ಬಾಗ್ಲು ತೆಗ್ದೇ ಇತ್ತು.”

ಸೋಮಮ್ಮ ಹಿಂದಿನಿಂದ, “ಸರಿಯಾಗೇ ಮಾಡವ್ನೆ ಬುಡವ್ವ, ಗುಡೀಲಿಟ್ಟಿದ್ದು ಎಲ್ಗೋದದು?” ಅಂದಳು.

ಉಷಾ, ಅದು ಗುಡಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ನಿನ್ನನ್ನು ಒಂದು ಮಾತು ಕೇಳುತ್ತೇನೆ. ಅರ್ಧ ಪದ ಯಾಕೆ ಬರೆದೆ? ಪೂರ್ತಿ ಬರೆದರೆ ಬೆರಳು ಸವೆಯುತ್ತಿತ್ತಾ? ಕನ್ನಡದಲ್ಲಿ ಬರೆದರೆ ಯಂತ್ರಕ್ಕೆ ಮೈಲಿಗೆಯಾಗುತ್ತಿತ್ತಾ?

ಇನ್ನೊಂದು. ಅಂಗಡಿಯ ಗೋಡೆಯ ಮೇಲೆ, ಬಸವಣ್ಣನ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿದ್ದ. ದೊಡ್ಡಕ್ಷರದಲ್ಲಿ ‘ದೇವಸ್ಥಾನದ ಕೀ’ ಎಂದು ಬರೆದು, ಕೆಳಗೆ ಇಂಗ್ಲಿಷಿನ ಅಕ್ಷರ, ಅಂಕಿ ಎಲ್ಲ ಕಲಸಿ ಮಾರುದ್ದ ಎರಡು ಸಾಲು. ಅದಕ್ಕೆ ಮೂರೆಳೆ ವಿಭೂತಿ ಬೇರೆ ಬಳಿದಿದ್ದ. ಏನೋ ಇದು ಅಂದೆ. “ಉಷಕ್ಕ ಕಳ್ಸಿದ ಕೀ ಚಿಕ್ಕವ್ವ. ಮರ್ತೋಯ್ತದೆ ಅಂತ ಅಂಟಿಸ್ದೆ” ಅಂದ. ಪಹಣಿಗೆ ಬಂದವರು, ಮಾರ್ಕ್ಸ್ ಕಾರ್ಡಿಗೆ ಬಂದವರು, ಬಸ್ಸು ತಪ್ಪಿ ನಿಂತವರು, ಎಲ್ಲರ ಕಣ್ಣ ಮುಂದೆ.

ನಮ್ಮ ಗುಡಿಯ ಬೀಗದಕೈ ಮೂರು ಮನೆಯವರ ಹತ್ತಿರ ವರ್ಷಕ್ಕೊಂದರಂತೆ ತಿರುಗುತ್ತದೆ, ನೀನು ಹುಟ್ಟಿದ ಊರು, ಗೊತ್ತಿರಬೇಕು. ಅದನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವರು ಹೊಸ್ತಿಲ ಮೇಲೆ ಇಡುತ್ತಾರೆ, ತೆಗೆದುಕೊಳ್ಳುವವರು ಸ್ನಾನ ಮಾಡಿ ಬಂದು ಎತ್ತಿಕೊಳ್ಳುತ್ತಾರೆ. ಯಾರು ಇಟ್ಟರು, ಯಾರು ಎತ್ತಿದರು ಎಂದು ಇಡೀ ಊರಿಗೆ ಗೊತ್ತು. ಆದರೆ ಬೀಗದಕೈ ಯಾವ ಗೂಟದಲ್ಲಿದೆ ಎಂದು ಆ ಮನೆಯ ಸೊಸೆಗೂ ಗೊತ್ತಿರುವುದಿಲ್ಲ. ಆ ಹಾಳೆಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆ.

ಆ ಕೀಯನ್ನು ನನಗೆ ಯಾಕೆ ಕಳಿಸಲಿಲ್ಲ? ಈ ವರ್ಷ ಗುಡಿಯ ಬೀಗದಕೈ ನಮ್ಮ ಮನೆಯಲ್ಲೇ ಇದೆ. ಏಳನೇ ಕ್ಲಾಸಿನವಳು ಎಂತಲಾ?

ಸರ್ವಮಂಗಳ


ಹುಣಸೂರು
9 ಸೆಪ್ಟೆಂಬರ್ 2009

ಚಿಕ್ಕಮ್ಮನವರಿಗೆ ನಮಸ್ಕಾರ.

ಏನು ಬರೆಯಬೇಕೋ ತಿಳಿಯುತ್ತಿಲ್ಲ. ನಿಮಗೆ ಅರ್ಥವಾಗುವಂತೆ ಹೇಳಲು ನೋಡುತ್ತೇನೆ.

ಟೆಂಪ್ ಎಂದರೆ ಟೆಂಪಲ್ ಅಲ್ಲ. ಟೆಂಪರರಿ. ತಾತ್ಕಾಲಿಕ. ಬಾಡಿಗೆ ಯಂತ್ರಕ್ಕೆ ಅದು ಅಂಗಳವಿದ್ದಂತೆ. ಹೊರಗಿನಿಂದ ಬಂದದ್ದು ಮೊದಲು ಅಲ್ಲಿ ಇಳಿಯುತ್ತದೆ. ಅಲ್ಲಿಂದ ಎತ್ತಿ ಒಳಗಿನ ಕಣಜಕ್ಕೆ ಹಾಕಬೇಕು. ಕಣಜವೇ ಸ್ಟೋರ್. ಕಣಜಕ್ಕೆ ಮಾತ್ರ ಕೀ ಇದೆ. ಅಂಗಳಕ್ಕೆ ಬೀಗವಿಲ್ಲ. ಯಂತ್ರ ಮಲಗಿ ಎದ್ದಾಗಲೆಲ್ಲ ಮೊದಲು ಅಂಗಳ ಗುಡಿಸುತ್ತದೆ. ಅದಕ್ಕೆ ರಾಗಿ ಯಾವುದು, ಕಸ ಯಾವುದು ಎಂದು ಗೊತ್ತಾಗುವುದಿಲ್ಲ. ಅದನ್ನು ಹಾಗೆ ಮಾಡಿಟ್ಟಿದ್ದಾರೆ.

ನಂಜುಂಡೇಶ ಹಾಡುಗಳನ್ನು ಅಂಗಳದಲ್ಲಿಟ್ಟ. ಯಂತ್ರ ಎದ್ದಿರುವ ತನಕ ಅವು ಇದ್ದವು, ಅದಕ್ಕೇ ಕಮಿಟಿಯವರಿಗೆ ಕೇಳಿಸಿದವು. ಏಪ್ರಿಲಿನಲ್ಲಿ ನಾನು ಸೈಟಿನ ಬಣ್ಣ ಬದಲಿಸಿದೆ. ಬಣ್ಣ ಬದಲಾಗಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಎಬ್ಬಿಸಬೇಕು. ಎಬ್ಬಿಸಿದೆ.

ಕಂಪನಿಯವರ ಉತ್ತರ ಬಂದಿದೆ. ತಾತ್ಕಾಲಿಕ ಕಡತಗಳಿಗೆ ತಾವು ಹೊಣೆಯಲ್ಲ, ಅವನ್ನು ಮರಳಿ ತರಲಾಗದು ಎಂದು ಎರಡೇ ಸಾಲು. ಕೊನೆಯಲ್ಲಿ ಶುಭದಿನ ಎಂದು ಹಾರೈಸಿದ್ದಾರೆ.

ಕೀ ವಿಷಯ. ಅದು ಎರಡು ಭಾಗ, ಒಂದು ಹೆಸರು, ಇನ್ನೊಂದು ಗುಟ್ಟು. ಎರಡನ್ನೂ ಒಂದೇ ಇಮೇಲಿನಲ್ಲಿ ಕಳಿಸಿದ್ದು ನನ್ನ ತಪ್ಪು. ಹತ್ತು ಜನ ನೋಡಿದ ಮೇಲೆ ಅದು ಕೀ ಅಲ್ಲ. ಆ ಕೀಯನ್ನು ರದ್ದು ಮಾಡಿ ಹೊಸದನ್ನು ಮಾಡಿದ್ದೇನೆ. ನೀವು ತಂದ ಹಾಳೆಯನ್ನು ಸುಟ್ಟುಬಿಡಿ. ನಿಮಗೆ ಕಳಿಸದೆ ಇದ್ದದ್ದು ಏಳನೇ ಕ್ಲಾಸು ಎಂದಲ್ಲ. ನಿಮಗೆ ಕಂಪ್ಯೂಟರು ಇಲ್ಲವಲ್ಲ ಎಂದು.

ಅವ್ವನಿಗೆ ದಯವಿಟ್ಟು ಹೇಳಬೇಡಿ.

ಉಷಾ


ಶ್ರೀ ಬಸವೇಶ್ವರನ ಪಾದವೇ ಗತಿ

ಕೆಂಚನಕುಪ್ಪೆ
14 ಸೆಪ್ಟೆಂಬರ್ 2009

ಉಷಾರಾಣಿ,

ಬಣ್ಣ ಬದಲಿಸಿದೆ ಎಂದು ಬರೆದಿದ್ದೀಯ. ಯಾವ ಬಣ್ಣ? ಮೊದಲು ಯಾವುದಿತ್ತು, ಆಮೇಲೆ ಯಾವುದು ಮಾಡಿದೆ? ತಿಳಿದುಕೊಳ್ಳಬೇಕು ನನಗೆ. ಬಸವಣ್ಣನಿಗೆ ಆ ಬಣ್ಣ ಒಪ್ಪಿತಾ?

ನಂಜುಂಡೇಶನನ್ನು ಬೈದು ಬಂದವಳಿಗೆ ಈಗ ಅವನ ಮೇಲೆ ಸಿಟ್ಟಿಲ್ಲ. ದೇವರ ಹಾಡು ಗುಡಿಯಲ್ಲಿರಲಿ ಎಂದುಕೊಂಡ. ಅವನ ಬುದ್ಧಿ ಅಷ್ಟು, ಭಕ್ತಿಯೂ ಅಷ್ಟು. ಮೊನ್ನೆ ಮನೆಯ ತನಕ ಬಂದು ಹಜಾರದಲ್ಲಿ ಕೂತು, “ನನ್ ಕೈ ಮುರ್ದೋಗ ಚಿಕ್ಕವ್ವ” ಅಂತ ಅತ್ತ. ಅಕ್ಕ ಒಳಗಿದ್ದಳು, ಮೆಲ್ಲಗೆ ಅಳೋ ಎಂದು ನಾನೇ ಬಾಯಿ ಮುಚ್ಚಿಸಬೇಕಾಯಿತು. ಓದಿದವಳು ನೀನು. ಅಂಗಳ ಯಾವುದು, ಕಣಜ ಯಾವುದು ಎಂದು ಗೊತ್ತಿದ್ದವಳು ನೀನು. ಬಾಗಿಲು ತೋರಿಸಿಕೊಟ್ಟು, ಕೀ ಎಸೆದು, ಹಿಂತಿರುಗಿ ನೋಡಲಿಲ್ಲ. ಒಂದು ಸಲ, ಒಂದೇ ಒಂದು ಸಲ ಹಾಡು ಒಳಗೆ ಹೋಯಿತಾ ಎಂದು ನೋಡಿದ್ದರೆ? ನಿನ್ನ ಮನೆಯಲ್ಲೇ ಕಂಪ್ಯೂಟರಿದೆ. ಜನವರಿಯಿಂದ ಏಪ್ರಿಲ್ ತನಕ ನಿಮ್ಮವ್ವನ ಹಾಡನ್ನು ಒಂದು ಸಲವೂ ಒತ್ತಿ ಕೇಳಲಿಲ್ಲವೇನೇ ನೀನು?

ಇದಕ್ಕೆ ಉತ್ತರ ಬರೆ. ಮಿಕ್ಕದ್ದು ಬೇಡ.

ಅವ್ವನಿಗೆ ಹೇಳಬೇಡಿ ಎನ್ನುತ್ತೀಯ. ಹೇಳದೆ ಇರುವುದು ಎಂದರೆ ಏನು ಗೊತ್ತಾ? ಅಕ್ಕ ಸ್ಲೇಟು ಹಿಡಿದು ಬರುತ್ತಾಳೆ, ‘ನೆಟ್ ಸರಿಯಾಯಿತಾ?’ ನಾನು ಇಲ್ಲ ಅನ್ನುತ್ತೇನೆ. ಮತ್ತೆ ಬರುತ್ತಾಳೆ. ಮತ್ತೆ ಇಲ್ಲ ಅನ್ನುತ್ತೇನೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಮಂತ್ರ ಬಾಯಿಗೆ ಬರುವುದಿಲ್ಲ. ಇದೇ ಬಾಯಲ್ಲಿ ಸುಳ್ಳು ಹೇಳಿದ್ದೀಯ, ಇದೇ ಬಾಯಲ್ಲಿ ನನ್ನ ಹೆಸರು ಹೇಳುತ್ತೀಯಾ ಎಂದು ಶಿವ ಕೇಳಿದ ಹಾಗಾಗುತ್ತದೆ. ನಿಮ್ಮ ಚಿಕ್ಕಪ್ಪ, “ಏನೇ ಇವತ್ತು ಪೂಜೆ ಇಷ್ಟು ಬೇಗ ಮುಗೀತು?” ಎಂದು ಕೇಳುತ್ತಾರೆ. ಅವರಿಗೂ ಹೇಳಿಲ್ಲ.

ಹುಣಸೂರೇನು ಕಾಶಿಯಾ? ಹತ್ತಿದರೆ ಕೋಟೆ, ಕೋಟೆಯಲ್ಲಿ ಬಸ್ಸು ಬದಲಿಸಿದರೆ ನಮ್ಮೂರ ಪಕ್ಕದ ಹಂಪಾಪುರ. ಆಪರೇಷನ್ನಾದ ಮೇಲೆ ಆಸ್ಪತ್ರೆಯಲ್ಲಿ ನೋಡಿದ್ದೇ ಕೊನೆ, ಈ ಮನೆಯ ಹೊಸ್ತಿಲು ತುಳಿದಿಲ್ಲ ನೀನು. ಯುಗಾದಿಗೆ ಸೀರೆ ಕಳಿಸಿದೆ. ಗೌರಿಗೆ ಸೀರೆ ಕಳಿಸಿದೆ. ಸೀರೆಗೆ ಕಾಲಿದೆ, ನಿನಗಿಲ್ಲ.

ಹಾಳೆಯನ್ನು ಸುಡಲಿಲ್ಲ. ವಿಭೂತಿ ಬಳಿದದ್ದನ್ನು ಸುಡಬಾರದು. ಕಪಿಲೆಗೆ ಬಿಟ್ಟೆ. ಮೀನು ಓದಿಕೊಳ್ಳಲಿ.

ಸರ್ವಮಂಗಳ


ಹುಣಸೂರು
18 ಅಕ್ಟೋಬರ್ 2009

ಚಿಕ್ಕಮ್ಮ,

ನೀವು ಒಂದೇ ಪ್ರಶ್ನೆ ಕೇಳಿದಿರಿ. ಉತ್ತರ ಬರೆದು ಬರೆದು ಹರಿದು ಹಾಕಿದ್ದೇನೆ. ದೀಪಾವಳಿಗೆ ಬಂದು ಎದುರಿಗೇ ಹೇಳೋಣವೆಂದು ಬಸ್‌ಸ್ಟ್ಯಾಂಡಿನ ತನಕ ಹೋದೆ.

ಮೊದಲೆಲ್ಲ ಭಾನುವಾರ ಅವ್ವ ಹಂಪಾಪುರದ ಬೂತಿನಿಂದ ಫೋನು ಮಾಡುತ್ತಿದ್ದಳು. ‘ಉಂಡ್ಯಾ?’ ಅನ್ನುತ್ತಿದ್ದಳು. ನಾನು ಹ್ಞೂಂ ಅನ್ನುತ್ತಿದ್ದೆ. ಮತ್ತೇನೂ ಇರುತ್ತಿರಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಒಂದು ಭಾನುವಾರ ಅದೇ ಹೊತ್ತಿಗೆ ಫೋನು ಬಂತು. ಎತ್ತಿದೆ. ಆ ಕಡೆ ಮಾತಿಲ್ಲ. ಉಸಿರು ಮಾತ್ರ, ಅದೂ ಬಾಯಿಯ ಉಸಿರಲ್ಲ, ಕತ್ತಿನ ತೂತಿನದು. ನಾನು ‘ಉಂಡೆ ಅವ್ವ’ ಎಂದೆ. ಆ ಕಡೆಯಿಂದ ಇಟ್ಟರು. ಅವಳು ಮತ್ತೆ ಮಾಡಲಿಲ್ಲ. ನಾನೂ.

ನೀವು ಕೇಳಿದ್ದಕ್ಕೆ ಉತ್ತರ, ಇಲ್ಲ. ಒಂದು ಸಲವೂ ಒತ್ತಲಿಲ್ಲ. ಒತ್ತುವ ಬದಲು ಬಣ್ಣ ಬದಲಿಸಿದೆ. ಮೊದಲು ಬಿಳಿ ಇತ್ತು. ತಿಳಿ ಕಾವಿ ಮಾಡಿದೆ.

ಉಷಾ


ಶ್ರೀ ಬಸವೇಶ್ವರನ ಪಾದವೇ ಗತಿ

ಕೆಂಚನಕುಪ್ಪೆ
8 ನವೆಂಬರ್ 2009

ಉಷಾ,

ಓದಿದೆ. ನಿನ್ನನ್ನು ಸಮಾಧಾನ ಮಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸಮಾಧಾನ ನನಗೇ ಇಲ್ಲ, ನಿನಗೆ ಎಲ್ಲಿಂದ ತರಲಿ?

ಇಲ್ಲಿ ಆದದ್ದು ಕೇಳು. ಮೊನ್ನೆ ಗುರುವಾರ ಸೋಮಮ್ಮನ ಮೊಮ್ಮಗಳು ಪವಿತ್ರಾಳ ಮದುವೆ. ಹಿಂದಿನ ದಿನ ಚಪ್ಪರ. ಚಪ್ಪರದ ದಿನ ನೀರು ತರಬೇಕು, ಪದ ಹಾಡಬೇಕು. ನಲವತ್ತು ವರ್ಷದಿಂದ ಈ ಊರಿನಲ್ಲಿ ಹೆಣ್ಣುಮಕ್ಕಳ ಮದುವೆಗೆ ಅಕ್ಕ ಮುಂದೆ ಹೇಳುವವಳು, ನಾನು ಹಿಂದೆ ಸೊಲ್ಲು ಹಿಡಿಯುವವಳು. ಅವಳು ಒಂದು ಸಾಲು ಎತ್ತಿಕೊಟ್ಟರೆ ನಾನು ಆ ಸಾಲನ್ನು ಮತ್ತೆ ಹೇಳುತ್ತೇನೆ. ನನಗೆ ಪದ ಬರುತ್ತದೆ ಎಂದುಕೊಂಡಿದ್ದೆ. ಬರುವುದಿಲ್ಲ ಕಣೇ. ಎತ್ತಿಕೊಟ್ಟರೆ ಬರುತ್ತದೆ. ಎತ್ತುವುದಕ್ಕೆ ಬರುವುದಿಲ್ಲ.

ಸೋಮಮ್ಮ ಬಿಡಲಿಲ್ಲ. “ನಿಮ್ಮಕ್ಕನ ಪದ ಕಂಪ್ಯೂಟ್ರಲ್ಲಾದ್ರೂ ಹಾಕ್ಸವ್ವ ಅಂದ್ರೆ ಅದೂ ಕೆಟ್ಟೋಗದಂತೆ, ನೀನಾರ ಹಾಡು. ಹಾಡ್ದೇ ನೀರು ತತ್ತಾರಾ?” ಎಂದು ಎಲ್ಲರ ಎದುರಿಗೆ ಅಂದಳು. ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ನೀರು ತರುವ ಪದ ಶುರು ಮಾಡಿದೆ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಫಟ್ ಎಂದು ಸದ್ದಾಯಿತು. ಕಣ್ಣು ಬಿಟ್ಟರೆ ಅಕ್ಕ ಸ್ಲೇಟನ್ನು ಕಂಬಕ್ಕೆ ಬಡಿದು ಎದ್ದು ನಿಂತಿದ್ದಾಳೆ. ಸ್ಲೇಟು ಎರಡು ಹೋಳು. ಮುಖ ಕೆಂಪಗೆ, ಕಣ್ಣಲ್ಲಿ ನೀರು, ಕೈ ಬೀಸುತ್ತಿದ್ದಾಳೆ. ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. “ಪಾಪ, ದುಃಖ ತಡೀನಾರ್ದೆ ಹೋಯ್ತು, ಎಂಥಾ ಕಂಠ ಆ ತಾಯಿದು” ಅಂದರು. ಅಕ್ಕ ದಡದಡ ನಡೆದು ಮನೆಗೆ ಹೋಗಿಬಿಟ್ಟಳು.

ಸಂಜೆ ನಾನು ಬಚ್ಚಲಮನೆಯ ಹತ್ತಿರ ಅವಳನ್ನು ಕೂರಿಸಿಕೊಂಡು ಹೇಳಿಬಿಟ್ಟೆ. ನೆಟ್ ಕೆಟ್ಟಿಲ್ಲ ಅಕ್ಕ, ನಿನ್ನ ಹಾಡೆಲ್ಲ ಹೋಯಿತು, ಇನ್ನು ಸಿಗುವುದಿಲ್ಲ ಎಂದು. ನೀನು ಬೇಡ ಎಂದಿದ್ದೆ. ಇನ್ನು ನನ್ನಿಂದ ಆಗಲಿಲ್ಲ. ಬರೆಯಲು ಸ್ಲೇಟಿಲ್ಲ, ಅವಳು ಸುಮ್ಮನೆ ನನ್ನನ್ನೇ ನೋಡುತ್ತಾ ಕೂತಳು. ಈಗ ನಾಲ್ಕು ದಿನದಿಂದ ನನ್ನ ಮುಖ ನೋಡುತ್ತಿಲ್ಲ. ಇವತ್ತು ಬೆಳಿಗ್ಗೆ ನಿಮ್ಮ ಚಿಕ್ಕಪ್ಪನ ಕೈಯಲ್ಲಿ ಹಾಳೆ, ಪೆನ್ನು, ಕವರು ತರಿಸಿಕೊಂಡಿದ್ದಾಳೆ.

ಏನು ಬರೆಯುತ್ತಾಳೋ ಗೊತ್ತಿಲ್ಲ. ತೋರಿಸಲಿಲ್ಲ.

ಸರ್ವಮಂಗಳ


ಕೆಂಚನಕುಪ್ಪೆ
10 ನವೆಂಬರ್ 2009

ಮಗಳೇ ಉಷಾ,

ನಿಮ್ಮೆಲ್ಲರಿಗೂ ಒಂದು ಮಾತು ಮೊದಲು. ನನಗೆ ಕೊಯ್ದಿದ್ದು ಗಂಟಲು. ಕಿವಿಯಲ್ಲ. ಈ ಮನೆಯಲ್ಲಿ ಎಲ್ಲರೂ ನನ್ನ ಹತ್ತಿರ ಕಿವುಡಿಗೆ ಕೂಗಿದ ಹಾಗೆ ಕೂಗುತ್ತಾರೆ, ಆಮೇಲೆ ಗೋಡೆಯ ಆ ಕಡೆ ನಿಂತು ಗುಸುಗುಸು ಮಾತಾಡುತ್ತಾರೆ. ಗುಸುಗುಸು ಎಲ್ಲ ಕೇಳುತ್ತದೆ. ನಂಜುಂಡೇಶ ಹಜಾರದಲ್ಲಿ ಅತ್ತದ್ದೂ ಕೇಳಿತು. ಹಾಡು ಹೋಗಿದೆ ಎಂದು ಶ್ರಾವಣದಲ್ಲೇ ನನಗೆ ಗೊತ್ತು. ಅವನ ಮುಖ ನೋಡಿದರೆ ಸಾಕಾಗಿತ್ತು. ಆಮೇಲೆ ನೆಟ್ ಸರಿಯಾಯಿತಾ ಎಂದು ಸ್ಲೇಟು ಹಿಡಿದು ಕೇಳುತ್ತಿದ್ದೆನಲ್ಲ, ಅದು ಯಾರು ಎಷ್ಟು ದಿನ ಸುಳ್ಳು ಹೇಳುತ್ತೀರಿ ಎಂದು ನೋಡುವುದಕ್ಕೆ. ನಿನ್ನ ಚಿಕ್ಕಮ್ಮ ಬಹಳ ದಿನ ಹೇಳಿದಳು. ಪೂಜೆ ಮಾಡುವ ಹೆಂಗಸು.

ನನ್ನ ದನಿ ನನಗೂ ಬೇಕಾಗಿತ್ತು. ಒಂದು ಸಲ ಕೇಳಬೇಕಾಗಿತ್ತು. ಹಾಡುವಾಗ ನಮ್ಮ ದನಿ ನಮಗೆ ಒಳಗಿನಿಂದ ಕೇಳುತ್ತದೆ, ಹೊರಗಿನಿಂದ ಹೇಗಿತ್ತು ಎಂದು ನನಗೆ ಗೊತ್ತೇ ಇಲ್ಲ. ಕಮಿಟಿಯವರೆಲ್ಲ ಕೇಳಿದರು, ಚಲುವಯ್ಯ ಕೇಳಿ ಅತ್ತನಂತೆ, ನಾನು ಕೇಳಲಿಲ್ಲ. ನಿನ್ನ ಚಿಕ್ಕಮ್ಮನಿಗೆ ಬರೆದ ನಿನ್ನ ಕಾಗದಗಳನ್ನೂ ಓದಿದ್ದೇನೆ, ನೀನು ಒತ್ತದೆ ಹೋದೆ. ಯಂತ್ರಕ್ಕೆ ಗುಡಿಸು ಎಂದಿದ್ದರು, ಗುಡಿಸಿತು. ನೀನು ಮಗಳು. ಇದನ್ನು ನಾನು ಮರೆಯುತ್ತೇನೆ ಎಂದುಕೊಳ್ಳಬೇಡ. ಕ್ಷಮಿಸಿದ್ದೇನೆ ಎಂದೂ ಬರೆಯುವುದಿಲ್ಲ. ಬರೆದರೆ ಸುಳ್ಳು ಹೇಳುವವರ ಸಂಖ್ಯೆ ಈ ಮನೆಯಲ್ಲಿ ಇನ್ನೊಂದು ಹೆಚ್ಚುತ್ತದೆ.

ಆದರೆ ನನ್ನ ಸಿಟ್ಟು ಅದಲ್ಲ. ಈ ಒಂದು ವರ್ಷದಲ್ಲಿ ನನ್ನ ಪದಗಳನ್ನು ಎಲ್ಲಿಡಬೇಕು, ಯಾವ ದೇಶದಲ್ಲಿಡಬೇಕು, ಕೀ ಯಾರ ಕೈಯಲ್ಲಿರಬೇಕು ಎಂದು ನೀವೆಲ್ಲ ಜಗಳವಾಡಿದಿರಿ. ಪದ ಇನ್ನೂ ನನ್ನ ತಲೆಯಲ್ಲೇ ಇದೆಯಲ್ಲೇ? ನೀಲಾಂಬಿಕೆ, ನಮಗೆ ಕಲಿಸು ಎಂದು ಒಬ್ಬಳಾದರೂ ಬಂದಳಾ? ಬರೆಯಲು ಕೈ ಇದೆ, ತಾಳಕ್ಕೆ ಕೈ ಇದೆ, ತಪ್ಪಿದರೆ ಹೊಡೆಯುವುದಕ್ಕೂ ಇದೆ. ದನಿ ಹೋದ ದಿನವೇ ನನ್ನನ್ನು ಫೋಟೋ ಮಾಡಿ ಗೋಡೆಗೆ ಹಾಕಿಬಿಟ್ಟಿರಿ.

ಪವಿತ್ರಾಳ ಚಪ್ಪರದಲ್ಲಿ ನಾನು ಸ್ಲೇಟು ಒಡೆದದ್ದನ್ನು ದುಃಖ ಎಂದು ನಿನ್ನ ಚಿಕ್ಕಮ್ಮ ಬರೆದಿರುತ್ತಾಳೆ. ಊರೆಲ್ಲ ಹಾಗೇ ಹೇಳಿಕೊಂಡು ತಿರುಗುತ್ತಿದೆ. ದುಃಖವಲ್ಲ. ಆ ಪದದ ಮೂರನೆಯ ಸಾಲು ಹೀಗೆ:

ಹಾಲಬಾವಿಯ ನೀರ ಹೊತ್ತು ತಂದೇವು ಮಗಳೆ

ಹಾಲಿನಂಥ ನೀರಿರುವ ಬಾವಿ. ನಿನ್ನ ಚಿಕ್ಕಮ್ಮ ಏನು ಹಾಡಿದಳು ಗೊತ್ತಾ? ಹಾಳುಬಾವಿ. ನಾಯಿ ಬಿದ್ದು ಸತ್ತ, ಕಟ್ಟೆ ಕುಸಿದ ಹಾಳುಬಾವಿಯ ನೀರನ್ನು ತಂದು ಮದುವಣಗಿತ್ತಿಯ ತಲೆಗೆ ಎರೆಯುತ್ತೇವೆ ಎಂದು ಕಣ್ಣು ಮುಚ್ಚಿಕೊಂಡು, ರಾಗವಾಗಿ, ಭಕ್ತಿಯಿಂದ ಹಾಡಿದಳು. ಇಂದು ನಿನ್ನೆಯದಲ್ಲ ಇದು. ಸೊಲ್ಲು ಹಿಡಿಯಲು ಶುರು ಮಾಡಿದ ದಿನದಿಂದ ಅವಳು ಹಾಳುಬಾವಿಯೇ. ನಾನು ಎಷ್ಟು ಸಲ ತಿದ್ದಿದೆ! ‘ಅದೇ ಅಲ್ಲವೇನಕ್ಕ ನಾನು ಹೇಳಿದ್ದು’ ಎನ್ನುತ್ತಾಳೆ. ಅವಳ ನಾಲಿಗೆ ಅಲ್ಲಿಗೆ ಬಂದರೆ ಹಾಗೇ ಮಡಚಿಕೊಳ್ಳುತ್ತದೆ. ಕೊನೆಗೆ ಆ ಸಾಲು ಬಂದಾಗಲೆಲ್ಲ ನಾನೇ ಇನ್ನಷ್ಟು ಜೋರಾಗಿ ಹಾಡಿ ಅವಳ ದನಿಯನ್ನು ಮುಚ್ಚುತ್ತಿದ್ದೆ. ಜನ ಅದನ್ನು ನನ್ನ ಕಂಠದ ಸೊಗಸು ಎನ್ನುತ್ತಿದ್ದರು.

ಈಗ ಮುಚ್ಚುವವರು ಯಾರು? ಮಾಘದಲ್ಲಿ ದೇವಯ್ಯನ ಮನೆಯಲ್ಲಿ ಮದುವೆ, ಆಮೇಲೆ ಪ್ರಮೀಳಾಳ ಮಗಳದು. ಊರಿನ ಹೆಣ್ಣುಮಕ್ಕಳಿಗೆಲ್ಲ ಇವಳು ಹಾಳುಬಾವಿಯ ನೀರು ಎರೆಯುತ್ತಾ ಹೋಗಬೇಕಾ?

ನೀನು ಬಾ. ಸೀರೆ ತರಬೇಡ, ಉಡುವವರಿಲ್ಲದೆ ಪೆಟ್ಟಿಗೆಯಲ್ಲಿವೆ. ರೆಕಾರ್ಡರು ತಾ. ನಾನು ಬರೆದುಕೊಡುತ್ತೇನೆ, ಅವಳು ಹಾಡಲಿ. ತಪ್ಪಿದಲ್ಲೆಲ್ಲ ನಾನು ಚಪ್ಪಾಳೆ ತಟ್ಟಿ ನಿಲ್ಲಿಸುತ್ತೇನೆ, ಆ ಚಪ್ಪಾಳೆಯೂ ಇರಲಿ. ಅದನ್ನು ಯಾವ ಮೋಡದಲ್ಲಾದರೂ ಇಡು, ಯಾವ ಉಗ್ರಾಣದಲ್ಲಾದರೂ ಇಡು. ಆದರೆ ಇಟ್ಟ ಮೇಲೆ ನೀನೇ ಒತ್ತಿ, ಕೊನೆಯ ತನಕ ಕೇಳಿ, ಆಮೇಲೆ ಎದ್ದು ಹೋಗು.

ನಾನು ಬಾಯಿ ತೆರೆದರೆ ಕತ್ತಿನ ತೂತಿನಿಂದ ಗಾಳಿ ಮಾತ್ರ ಬರುತ್ತದೆ, ನಿನಗೆ ಹೆದರಿಕೆಯಾಗಬಹುದು. ಆಗಲಿ. ಮೊದಮೊದಲು ನನಗೂ ಆಗುತ್ತಿತ್ತು.

ಬರೆಯುವುದು ಇನ್ನೂ ಇತ್ತು. ಕೊಟ್ಟಿಗೆಯಲ್ಲಿ ನಿನ್ನ ಚಿಕ್ಕಮ್ಮ ಹಾಲು ಕರೆಯುತ್ತಾ, ನಾನು ಮುನಿದಿದ್ದೇನೆ ಎಂದು ಮೂಗೊರೆಸಿಕೊಳ್ಳುತ್ತಾ, ಸಣ್ಣ ದನಿಯಲ್ಲಿ ಅದೇ ಪದ ಹಾಡಿಕೊಳ್ಳುತ್ತಿದ್ದಾಳೆ. ಎರಡನೆಯ ಸಾಲು ಮುಗಿಯಿತು. ಈಗ ಮೂರನೆಯದು. ಹ್ಞಾಂ, ಹಾಳುಬಾವಿ.

ನಾನು ಏಳಬೇಕು.

ನಿನ್ನ ಅವ್ವ,
ನೀಲಾಂಬಿಕೆ